ಹುಣಸೆ ತಿರುವಿನ ಹಾರನ್ನು

ಮಾಗಿ ಅರ್ಧ ಕಳೆದಿತ್ತು. ಕಣದ ಕೆಲಸ ಮುಗಿಸಿ, ಹೊಸ ರಾಗಿಯನ್ನು ಬಿಸಿಲಿಗೆ ಹರವಿ, ಕಲ್ಲು ಆರಿಸಿ ಚೀಲಕ್ಕೆ ತುಂಬಿದ ಮೇಲೆ ಊರಿನವರಿಗೆಲ್ಲ ಒಂದಿಷ್ಟು ಬಿಡುವು, ನಮ್ಮ ಗಿರಣಿಗೆ ಮಾತ್ರ ಉಸಿರಾಡಲೂ ಪುರಸೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಕರೆಂಟು ಬರುತ್ತದೆ, ಹತ್ತಕ್ಕೆ ಹೋಗುತ್ತದೆ. ಅಷ್ಟರೊಳಗೆ ಬೀಸಿದ್ದೇ ಬೀಸಿದ್ದು. ನಾನು ಸೆರಗನ್ನು ತಲೆಗೆ ಬಿಗಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ರಾಗಿ ಸುರಿದು ಸ್ವಿಚ್ಚು ಹಾಕುತ್ತೇನೆ. ಬೆಲ್ಟು ಓಡುತ್ತದೆ, ಹಿಟ್ಟು ಬೀಳುತ್ತದೆ, ಸದ್ದು ಇರುವುದಿಲ್ಲ. ಇನ್ನೂರು ಎಣಿಸಿ, ಮೊದಲ ಗಿರಾಕಿಯ ಹಿಟ್ಟು ಅರ್ಧ ಚೀಲ ತುಂಬಿದ ಮೇಲೆ ಗಿರಣಿ ಗುಡುಗಲು ಶುರುಮಾಡುತ್ತದೆ. ಕರೆಂಟು ಹೋಗಿ, ನಾನು ಬೀಗ ಹಾಕಿ, ತಿರುಗಿ ನೋಡದೆ ಮನೆಯ ದಾರಿ ಹಿಡಿದರೂ ಒಳಗೆ ಯಾರೂ ಇಲ್ಲದ ಗಿರಣಿ ಇನ್ನೂ ಸ್ವಲ್ಪ ಹೊತ್ತು ಬೀಸುತ್ತಲೇ ಇರುತ್ತದೆ.

ನಮ್ಮೂರಿನ ಕಬ್ಬಿಣದ ಸ್ವಭಾವವೇ ಅದು, ಸದ್ದು ತಡವಾಗಿ ಬರುತ್ತದೆ, ಕಬ್ಬಿಣ ದೊಡ್ಡದಾದಷ್ಟೂ ಇನ್ನೂ ತಡ. ಬೇಸಿಗೆಯಲ್ಲಾದರೆ ಮೂವತ್ತು ನಲವತ್ತು ಎಣಿಸಿದರೆ ಸದ್ದು ಬಂದುಬಿಡುತ್ತದೆ. ಮಾಗಿಯ ಚಳಿಯಲ್ಲಿ ಅದಕ್ಕೂ ಸೋಮಾರಿತನ. ಕಂಚಿಗೆ, ತಾಮ್ರಕ್ಕೆ ಈ ಚಾಳಿಯಿಲ್ಲ. ದೇವರ ಗಂಟೆ ಹೊಡೆದ ಕೂಡಲೇ ಕೇಳುತ್ತದೆ. ಶಾಲೆಯ ಜವಾನ ಮಾತ್ರ ಕಂಬಿ ಬಾರಿಸಿಟ್ಟು ಒಂದು ಲೋಟ ಕಾಫಿ ಕುಡಿದು ಬರುತ್ತಾನೆ, ಆಗ ಗಂಟೆ ಹೊಡೆಯುತ್ತದೆ. ಯಾವುದೋ ಮನೆಯ ಸೊಸೆಯ ಕೈಜಾರಿದ ಬಾಣಲೆ, ಅವಳು ಅದನ್ನು ಎತ್ತಿಟ್ಟು, ಚೆಲ್ಲಿದ್ದನ್ನು ಒರೆಸಿ, ಏನೂ ಆಗದವಳಂತೆ ಹೊಸಲ ಮೇಲೆ ಕೂತ ಮೇಲೆ ಒಳಗಿನಿಂದ ಢಣಾರೆಂದು ಚಾಡಿ ಹೇಳುತ್ತದೆ. ಒಮ್ಮೊಮ್ಮೆ ಒಂದು ಸದ್ದು ದಾರಿ ತಪ್ಪುವುದೂ ಉಂಟು. ಕುಲುಮೆಯ ಚೆನ್ನಾಚಾರಿಯ ಒಂದು ಪೆಟ್ಟು ಮೂರು ದಿನ ಎಲ್ಲೋ ಅಲೆದು, ಅವನ ಮಗಳ ನಿಶ್ಚಿತಾರ್ಥದ ಹೊತ್ತಿಗೆ ಸರಿಯಾಗಿ ಕಬ್ಬಿಣದ ಅಡಿಗಲ್ಲಿನ ಮೇಲೆ ಬಂದು ಬಿತ್ತು. ಅಂಥವು ಅಪರೂಪ.

ನನ್ನ ಚಿಂತೆ ಸದ್ದಿನದಾಗಿರಲಿಲ್ಲ, ಮೇಲ್ಹಟ್ಟಿಯದಾಗಿತ್ತು. ಗುಡ್ಡದ ಮೇಲಿನ ಆ ಇಪ್ಪತ್ತಾರು ಮನೆಗಳ ರಾಗಿ ನಮ್ಮ ಮಾವನ ಕಾಲದಿಂದ ನಮ್ಮ ಕಲ್ಲಿಗೇ ಬೀಳುತ್ತಿತ್ತು. ಹೆಂಗಸರು ಸೋಮವಾರ ಸೋಮವಾರ ತಲೆಯ ಮೇಲೆ ಹೊತ್ತು ಇಳಿಯುತ್ತಿದ್ದರು. ಅವರಿಗೂ ವಯಸ್ಸಾಯಿತು. ಶಿವರಾತ್ರಿ ಕಳೆದ ಸೋಮವಾರದಿಂದ ಪ್ಯಾಕೆಟ್ ಹಿಟ್ಟಿನ ವ್ಯಾನು ಹಟ್ಟಿಗೇ ಬರುತ್ತದಂತೆ ಎಂಬ ಸುದ್ದಿಯನ್ನು ಕರಿಯಮ್ಮ ಎಂಬ ಮುದುಕಿ ಗಿರಣಿಯ ಕಟ್ಟೆಯ ಮೇಲೆ ಮಂಡಿ ನೀವಿಕೊಳ್ಳುತ್ತ ಹೇಳಿದಳು. "ನಿಮ್ ಕಲ್ಲಿನ ಹಿಟ್ಟಿನ ಮುದ್ದೆ ರುಚಿ ನಮಗೇನ್ ಗೊತ್ತಿಲ್ವಾ ಹೊನ್ನಕ್ಕ? ಮಂಡಿ ಕೇಳ್ಬೇಕಲ್ಲ. ನೀವೇ ಬಾಗ್ಲಿಗೆ ಬಂದು ತಗೊಂಡ್ ಹೋಗಿ, ಬೀಸಿ ತಂದ್ಕೊಟ್ರೆ ಆ ವ್ಯಾನ್ ಯಾರಿಗ್ ಬೇಕು?" ಇಪ್ಪತ್ತಾರು ಮನೆ ಬಿಟ್ಟರೆ ನಮ್ಮ ಗಿರಣಿಗೆ ಉಳಿಯುವುದು ಹಬ್ಬದ ಅಕ್ಕಿಹಿಟ್ಟು, ಒಂದಿಷ್ಟು ಖಾರದಪುಡಿ. ಬಾಗಿಲು ಹಾಕುವುದೇ ಮೇಲು. ಆವತ್ತೇ ಮೋಟಾರುಬೈಕು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆ. ನನಗೆ ನಲವತ್ತಾರು. ಸೈಕಲ್ಲು ಬಿಟ್ಟರೆ ಬೇರೇನೂ ತುಳಿದವಳಲ್ಲ.

ತೀರ್ಮಾನ ಮಾಡುವುದು ಸುಲಭ, ಊರಿನ ಬಾಯಿ ಮುಚ್ಚಿಸುವುದು ಕಷ್ಟ. "ಹೆಂಗಸ್ರಿಗೆ ಸ್ಕೂಟ್ರೇ ಲಕ್ಷಣ" ಎಂದು ಕಂಡವರೆಲ್ಲ ಹೇಳಿದರು. ಸ್ಕೂಟರಿನ ಗಾಲಿ ಒಂದು ಮೊರದಷ್ಟಿಲ್ಲ, ಗುಡ್ಡದ ದಾರಿಯ ಗಾಡಿ ಜಾಡಿಗೆ ಇಳಿದರೆ ಮೇಲೇಳುವುದಿಲ್ಲ ಎಂದು ನಾನು ಹೇಳಿದರೆ, "ಸೀರೆ ಉಟ್ಕೊಂಡು ಕಾಲ್ ಹೆಂಗ್ ಹಾಕ್ತೀಯಾ?" ಎಂದರು. ಇಪ್ಪತ್ತು ವರ್ಷದಿಂದ ಸೀರೆಯನ್ನು ಕಚ್ಚೆ ಹಾಕಿಕೊಂಡು ಗಿರಣಿಯ ಅಟ್ಟ ಹತ್ತಿ ಬೆಲ್ಟು ಕೂರಿಸುತ್ತಿದ್ದೇನೆ, ಆಗ ಯಾರೂ ಬಂದು ಕೇಳಲಿಲ್ಲ. ನನ್ನ ತಮ್ಮ ಕಾಂತರಾಜನಂತೂ ನೂರೈವತ್ತು ಸಿಸಿಗಿಂತ ಕೆಳಗೆ ಇಳಿಯಲೇ ಒಲ್ಲ. ಅವನು ಹಾಲಿನ ಡೇರಿಯ ಗುಮಾಸ್ತ. ಅವನ ಗಾಡಿ ಎಷ್ಟು ದೊಡ್ಡದೆಂದರೆ, ಅವನು ಡೇರಿ ಮುಟ್ಟಿ, ಗಾಡಿ ನಿಲ್ಲಿಸಿ, ಕ್ಯಾನು ಎಣಿಸಲು ಕೂತ ಮೇಲೆ ಅಂಗಳದಲ್ಲಿ ಗಾಡಿ ತಾನಾಗಿ ಗುಡುಗುತ್ತ ಬಂದ ದಾರಿಯನ್ನೆಲ್ಲ ಮತ್ತೊಮ್ಮೆ ಬರುತ್ತದೆ.

"ಗುಡ್ಡ ಹತ್ತೋದಕ್ಕೆ ಎದೆ ಬೇಕು ಅಕ್ಕಾ" ಎಂದ.

"ಎದೆ ಇದ್ದು ಏನ್ ಮಾಡ್ಲಿ? ನಾನು ತಿರುವು ದಾಟಿ ಮನೆ ಸೇರಿದ್ಮೇಲೆ ಹಾರನ್ ಬಂದ್ರೆ ಎದುರಿಗಿದ್ದೋನು ಸ್ವರ್ಗ ಸೇರಿರ್ತಾನೆ."

"ಅದೊಂದ್ ಬಿಟ್ರೆ ಏನ್ ತೊಂದ್ರೆ ಹೇಳು."

ಅದೊಂದು ಬಿಟ್ಟರೆ! ಅವನನ್ನು ಕರೆದುಕೊಂಡು ಹೋದದ್ದೇ ನನ್ನ ತಪ್ಪು. ಪೇಟೆ ಬೀದಿಯ ಕೊನೆಯಲ್ಲಿ ಜಬ್ಬಾರನ ಹಳೇ ಗಾಡಿಗಳ ಅಂಗಡಿ. ಗಾಡಿಗಳ ಎದುರಿಗೆ ಒಂದು ಉದ್ದ ಬೆಂಚು. ಗಾಡಿ ನೋಡಲು ಹೋದವರು ಒಂದನ್ನು ಒದ್ದು, ಆರಿಸಿ, ಬೆಂಚಿನ ಮೇಲೆ ಕೂತು ಅದರ ಸದ್ದು ಬರುವವರೆಗೆ ಟೀ ಕುಡಿಯಬೇಕು. ಆಮೇಲೆ ಇನ್ನೊಂದು. ಒಂದು ಗಾಡಿ ಕೊಳ್ಳಲು ಒಂದು ದಿನ ಬೇಕು, ಅದು ಪದ್ಧತಿ. ಕಾಂತರಾಜನಿಗೆ ಡೇರಿಗೆ ಹೊತ್ತಾಗುತ್ತಿತ್ತು. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಐದು ಗಾಡಿಗಳನ್ನು ಸಾಲಾಗಿ ಒದ್ದು ಆರಿಸಿ ಬಂದು ಕೂತ.

"ಒಂದೊಂದಾಗಿ ಒದೀರಿ ಸ್ವಾಮಿ. ಬೆಂಚ್ ಹಾಕಿರೋದು ಯಾತಕ್ಕೆ?" ಎಂದ ಜಬ್ಬಾರ್.

"ನಂಗೆ ಕಿವಿ ಇದೆ ಜಬ್ಬಾರಣ್ಣ."

ಕಿವಿ ಇತ್ತು. ಐದೂ ಸದ್ದು ಒಂದರ ಮೇಲೊಂದು ಬಿದ್ದು ಬಂದವು. ಅವುಗಳ ಮಧ್ಯೆ ಒಂದು ಮಾತ್ರ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಲೊಡಲೊಡ ಎನ್ನುತ್ತಿತ್ತು. "ಅದು ಆ ನೀಲೀದು" ಎಂದ ನನ್ನ ತಮ್ಮ. ನನಗೆ ಕೆಂಪಿನದಿರಬೇಕು ಅನ್ನಿಸಿತು, ಹೇಳಿದೆ. "ಅಕ್ಕಾ, ನೀನು ಗಿರಣಿ ಸದ್ದು ಕೇಳಿ ಕೇಳಿ ಕಿವಿ ಹಾಳ್ಮಾಡ್ಕೊಂಡಿದೀಯಾ" ಎಂದು ನನ್ನ ಬಾಯಿ ಮುಚ್ಚಿಸಿ, ಜಬ್ಬಾರನೊಡನೆ ಒಂದು ತಾಸು ಜಗ್ಗಾಡಿ ಕೆಂಪಿನದನ್ನೇ ಕೊಡಿಸಿದ. ಮನೆಗೆ ತಂದು ಅಂಗಳದಲ್ಲಿ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕೈಯಲ್ಲಿ ಹಿಡಿದಿರುವಾಗಲೇ ಗಾಡಿ ಲೊಡಲೊಡ ಶುರುಮಾಡಿತು. ಕಾಂತರಾಜನಿಗೆ ತಟ್ಟನೆ ಡೇರಿಯ ನೆನಪಾಯಿತು.

ಮಾರನೆಯ ದಿನ ಹತ್ತು ಗಂಟೆಯ ಮೇಲೆ ಅದನ್ನು ನಾನೊಬ್ಬಳೇ ತಳ್ಳಿಕೊಂಡು ಹೋದೆ. ಜಬ್ಬಾರ್ ನಗಲಿಲ್ಲ, ಅದು ಅವನ ದೊಡ್ಡಗುಣ. "ವಾರಕ್ಕೊಬ್ರು ಹಿಂಗೆ ಬರ್ತಾರೆ ಅಕ್ಕಾ. ಕೂತ್ಕಳಿ, ಟೀ ತರಿಸ್ತೀನಿ" ಎಂದ. ಆವತ್ತು ಸಂಜೆಯವರೆಗೆ ಆ ಬೆಂಚಿನ ಮೇಲೆ ಕೂತು, ಒಂದೊಂದಾಗಿ ಒದ್ದು, ಒಂದೊಂದಾಗಿ ಕೇಳಿದೆ. ನೀಲಿಯದೇ ಒಳ್ಳೆಯದಿತ್ತು. ನೂರು ಸಿಸಿ. ಕೂತರೆ ಎರಡು ಕಾಲೂ ನೆಲಕ್ಕೆ ಊರುತ್ತಿದ್ದವು, ಬಿದ್ದರೆ ನಾನೊಬ್ಬಳೇ ಎತ್ತಬಹುದಿತ್ತು, ಹಾರನ್ನು ನೂರನಲವತ್ತು ಎಣಿಸುವಷ್ಟರಲ್ಲಿ ಬರುತ್ತಿತ್ತು. ಮಾಗಿಯಲ್ಲಿ ಇದಕ್ಕಿಂತ ಚುರುಕಿನದು ಸಿಕ್ಕುವುದಿಲ್ಲ ಎಂದು ಜಬ್ಬಾರ್ ತನ್ನ ತಾಯಾಣೆ ಹಾಕಿದ.

ಗಾಡಿಯ ಕತೆ ಹೀಗೆ ಮುಗಿದರೆ, ಲೈಸೆನ್ಸಿನ ಕತೆ ಶುರುವಾಯಿತು. ಗುಡ್ಡದ ದಾರಿಯ ಹುಣಸೆ ತಿರುವಿನಲ್ಲಿರುವಾಗಲೇ ಹಾರನ್ನು ಕೂಗುವ ಹಾಗೆ ಮೊದಲೇ ಎಣಿಸಿ ಒತ್ತುವುದೇ ಪರೀಕ್ಷೆ. ನಮ್ಮಲ್ಲಿ ಲೈಸೆನ್ಸು ಎರಡು ಥರ. ಬೇಸಿಗೆಯ ಪರೀಕ್ಷೆ ಕೊಟ್ಟರೆ ಮೂವತ್ತು ಎಣಿಸುವ ಲೆಕ್ಕ, ಕಣ್ಣುಮುಚ್ಚಿ ಪಾಸಾಗಬಹುದು. ಆದರೆ ಲೈಸೆನ್ಸಿನ ಮೇಲೆ ಸೂರ್ಯನ ಮೊಹರು ಒತ್ತಿ ಕೊಡುತ್ತಾರೆ, ಮೊದಲ ಮಳೆ ಬಿದ್ದ ದಿನ ಗಾಡಿಯನ್ನು ಹಗ್ಗ ಹಾಕಿ ಕಟ್ಟಬೇಕು. ಮಾಗಿಯ ಪರೀಕ್ಷೆ ಪಾಸಾದವರಿಗೆ ವರ್ಷವೆಲ್ಲ ರಸ್ತೆ ಬಿಟ್ಟುಕೊಡುತ್ತಾರೆ. ಅದರಲ್ಲಿ ಮೂರು ಗುರುವಾರದ ಅವಕಾಶ. ಮೂರರಲ್ಲೂ ಸೋತರೆ ಆ ವರ್ಷ ಬೇಸಿಗೆಯದಕ್ಕೂ ಕೂರಿಸುವುದಿಲ್ಲ. ಜಬ್ಬಾರ್ ಬೇಸಿಗೆಯದು ಸಾಕು ಎಂದ. ಕಾಂತರಾಜ, "ಪರೀಕ್ಷೆಯೇ ಬ್ಯಾಡ, ಗುಡ್ಡದ ದಾರೀಲಿ ಯಾರ್ ಹಿಡೀತಾರೆ?" ಎಂದ. ಅಲ್ಲಿಗೆ ಇವನ ದಾರಿಯಂತೂ ಅಲ್ಲ ಎಂಬುದೊಂದು ನನಗೆ ಖಾತ್ರಿಯಾಯಿತು.

ನನ್ನ ಗಂಡನನ್ನು ಕೇಳಿದೆ. ಹೆಸರು ಉಗ್ರಪ್ಪ. ಹೆಸರಿಟ್ಟವರು ಮಗುವಿನ ಮುಖ ನೋಡಿರಲಿಲ್ಲ ಅಂತ ಕಾಣುತ್ತದೆ. ಅವರಷ್ಟು ಮೆತ್ತಗಿನ ಮನುಷ್ಯ ಸುತ್ತ ಹತ್ತೂರಲ್ಲಿಲ್ಲ. ಸವೆದ ಗಿರಣಿ ಕಲ್ಲನ್ನು ಮಗುಚಿ ಹಾಕಿಕೊಂಡು ಉಳಿಯಿಂದ ಹಲ್ಲು ಹೊಡೆಯುತ್ತಿದ್ದರು. ತಲೆ ಎತ್ತಲಿಲ್ಲ. "ಮಾಗೀದೇ ಕೊಡು. ಅರ್ಧ ವರ್ಷ ಸುಳ್ಳಾಗೋ ಲೈಸೆನ್ಸ್ ಯಾತಕ್ಕೆ?" ಎಂದರು. ಉಳಿಯನ್ನು ಪಕ್ಕದ ಹಲ್ಲಿಗೆ ಸರಿಸಿ, "ಹುಣಸೆ ತಿರುವಿಗೆ ಹಾಳುಬಾವಿ ಹತ್ರ ಒತ್ಬೇಕು. ಬಾವಿ ದಾಟಿ ಅಲ್ಲ, ಬಾವಿ ಕಟ್ಟೆ ಕಾಣ್ತಿದ್ದಂಗೇ. ಆಮೇಲೆ ಗಾಡಿ ವೇಗ ಹೆಚ್ಚು ಮಾಡ್ಬಾರ್ದು, ಕಮ್ಮಿನೂ ಮಾಡ್ಬಾರ್ದು" ಎಂದರು. ಅವರು ಎದ್ದು ಸ್ನಾನಕ್ಕೆ ಹೋದ ಮೇಲೆ ಕಲ್ಲಿನ ಪಕ್ಕ ಬಿದ್ದಿದ್ದ ಉಳಿ ಟಕ್ ಟಕ್ ಎನ್ನಲು ಶುರುಮಾಡಿತು. ನಾನು ಅದನ್ನು ನೋಡುತ್ತ ಕೂತೆ. ಹನ್ನೊಂದು ವರ್ಷದಿಂದ ಹ್ಯಾಂಡಲ್ಲು ಮುಟ್ಟದ ಮನುಷ್ಯ ಬಾವಿಕಟ್ಟೆಯ ಲೆಕ್ಕ ಇಷ್ಟು ಸರಿಯಾಗಿ ಹೇಳಿದ್ದು ನನಗೆ ವಿಚಿತ್ರವಾಗಿ ಕಂಡಿತು. ಆದರೆ ಆಗ ಅದನ್ನು ಮುಂದುವರಿಸಿ ಯೋಚಿಸಲಿಲ್ಲ.

ಬ್ರೇಕ್ ಇನ್ಸ್‌ಪೆಕ್ಟರ್ ವಾಮನಮೂರ್ತಿಯವರು ಗುರುವಾರ ಗುರುವಾರ ಹತ್ತಿ ಗೋದಾಮಿನ ಹಿಂದಿನ ಬಯಲಿಗೆ ಬರುತ್ತಿದ್ದರು. ಮಾಗಿಯ ಎಳೆ ಬಿಸಿಲಿಗೂ ಛತ್ರಿ ಬಿಚ್ಚಿಕೊಂಡು ನಿಲ್ಲುವ ಮನುಷ್ಯ. ಮೊದಲ ಗುರುವಾರ ಬಯಲಲ್ಲಿ ಎಂಟು ಹಾಕುವಾಗಲೇ ನೆಲಕ್ಕೆ ಕಾಲು ಕೊಟ್ಟು ಸೋತೆ. ಎರಡನೆಯ ಗುರುವಾರ ಎಂಟು ಸರಿಯಾಯಿತು, ತಿರುವಿನ ಪರೀಕ್ಷೆಯಲ್ಲಿ ಹೋಯಿತು. ಬಾವಿಕಟ್ಟೆ ಕಾಣುತ್ತಿದ್ದ ಹಾಗೆ ಒತ್ತಿದ್ದೆ, ಎಣಿಸುತ್ತಿದ್ದೆ, ಎಪ್ಪತ್ತಕ್ಕೆ ಅಡ್ಡ ಕುರಿಮಂದೆ ಬಂತು. ಕುರಿಗಳ ಮಧ್ಯೆ ಸಿಕ್ಕಿಕೊಂಡು ನಿಂತಿರುವಾಗ ನನ್ನ ಹಾರನ್ನು ಹೊಡೆದುಕೊಂಡಿತು. ಕುರಿಗಳು ಚೆದುರಿದವು, ಕುರಿಯವನು ನನ್ನ ವಂಶವನ್ನೆಲ್ಲ ನೆನೆದ. "ಸದ್ದು ಬಂದಾಗ ನೀವು ತಿರುವಲ್ಲಿ ಇರ್ಬೇಕಿತ್ತಮ್ಮ" ಎಂದರು ಇನ್ಸ್‌ಪೆಕ್ಟರು. "ಕುರಿ ಬಂತಲ್ಲ ಸಾರ್?" ಎಂದರೆ, "ಕುರಿ ದಿನಾ ಬರುತ್ತೆ" ಎಂದರು.

ಮೂರನೆಯ ಗುರುವಾರ ಕುರಿ ಬರಲಿಲ್ಲ. ನೂರನಲವತ್ತು ಎಂದು ನಾನು ತುಟಿಯಲ್ಲಿ ಅಂದುಕೊಳ್ಳುವುದಕ್ಕೂ, ಹುಣಸೆಮರದ ನೆರಳು ಮೈಮೇಲೆ ಬೀಳುವುದಕ್ಕೂ, ಹಾರನ್ನು ಕೂಗುವುದಕ್ಕೂ ಸರಿಯಾಯಿತು. ಬಯಲಿಗೆ ವಾಪಸು ಬಂದಾಗ ಇನ್ಸ್‌ಪೆಕ್ಟರು ಛತ್ರಿ ಮಡಚಿ ಕಂಕುಳಿಗೆ ಸಿಕ್ಕಿಸಿ, ನನ್ನ ಅರ್ಜಿಯ ಮೇಲೆ ಒಂದೊಂದೇ ಗೀಟು ಹಾಕುತ್ತ ಬಂದರು. ಕೊನೆಯ ಕಾಲಮ್ಮಿಗೆ ಪೆನ್ನು ನಿಂತಿತು. ನನಗೆ ಗೊತ್ತಿತ್ತು. ಹಳೆಯದು, ಯಾರು ನೋಡುತ್ತಾರೆ ಎಂದುಕೊಂಡು ಅದನ್ನು ಖಾಲಿ ಬಿಟ್ಟಿದ್ದೆ.

"ತಿರುವಿನ ಬಾಕಿ ಕಾಲಂ ಖಾಲಿ ಇದೆಯಲ್ಲಮ್ಮ."

"ಅದು ನಂದಲ್ಲ ಸಾರ್, ಮನೆಯವರದು."

"ಕಾಲಮ್ಮಲ್ಲಿ ಮನೆ ಅಂತಾನೇ ಇರೋದು. ತಿರುವಿನ ಮನೆಯವರ ಹೆಬ್ಬೆಟ್ಟು ಹಾಕಿಸ್ಕೊಂಡು ಮುಂದಿನ ಗುರುವಾರದೊಳಗೆ ಕೊಡಿ. ಆಮೇಲೆ ಮಾಗಿ ಪುಸ್ತಕ ಮುಚ್ತೀವಿ."

ಮುಂದಿನ ಗುರುವಾರ ಎಂದರೆ ಶಿವರಾತ್ರಿಯ ಹಿಂದಿನ ದಿನ. ಅದಾದ ಸೋಮವಾರ ವ್ಯಾನು.

ಬಾಕಿಯೆಂದರೆ ದುಡ್ಡಿನದಲ್ಲ, ಹಾರನ್ನಿನದು. ನಮ್ಮ ಕಡೆ ಪ್ರತಿ ತಿರುವಿಗೂ ಒಂದು ಮನೆ ಲೆಕ್ಕ. ಹಾರನ್ನು ಒತ್ತದೆ ತಿರುವು ದಾಟಿದವನು ಮಾರನೆಯ ದಿನವಾದರೂ ಬಂದು, ಆ ಮನೆಯವರ ಎದುರು ನಿಂತು, ಒಂದು ಸಲ ಒತ್ತಿ, ಸದ್ದು ಬರುವವರೆಗೆ ಕಾಯಬೇಕು. ಮನೆಯವರು "ಬಂತು" ಎಂದರೆ ಮುಗಿಯಿತು. ದಂಡವಿಲ್ಲ, ಬೈಗುಳವಿಲ್ಲ. ಕೆಲವರು ಎಲೆಅಡಿಕೆ ತೆಗೆದುಕೊಂಡು ಹೋಗುತ್ತಾರೆ. ಇಷ್ಟು ಸುಲಭದ ಬಾಕಿಯನ್ನು ಹನ್ನೊಂದು ವರ್ಷ ಉಳಿಸಿಕೊಂಡವರು ನಮ್ಮೂರಿನಲ್ಲಿ ಒಬ್ಬರೇ, ಅವರಿಗೇ ನಾನು ಕೊರಳೊಡ್ಡಿದ್ದು.

ಆಗ ನಮ್ಮ ಹತ್ತಿರ ಒಂದು ಮೊಪೆಡ್ಡಿತ್ತು. ಅದರ ಹಾರನ್ನು ಆಡಿನ ಮರಿ ಅರಚಿದ ಹಾಗೆ, ಸಣ್ಣಗೆ, ಕೀರಲಾಗಿ. ಒಂದು ದಿನ ನನ್ನ ಗಂಡ ಮೇಲ್ಹಟ್ಟಿಯ ಒಂದು ಮನೆಗೆ ಹಿಟ್ಟು ಕೊಟ್ಟು ಇಳಿದು ಬರುವಾಗ ಹುಣಸೆ ತಿರುವಿನಲ್ಲಿ ಬೋರಜ್ಜಿ ಸೌದೆ ಹೊರೆ ಹೊತ್ತು ಅಡ್ಡ ಬಂದಳು. ತಿರುವಿನ ಮನೆಯವಳೇ ಅವಳು. ಗಾಡಿ ತಾಕಲಿಲ್ಲ, ಗಾಬರಿಗೆ ಹಾರಿ ಚರಂಡಿಗೆ ಬಿದ್ದು ಕಣಕಾಲು ಮುರಿದುಕೊಂಡಳು. ಇವರು ಮೊಪೆಡ್ಡನ್ನು ಅಲ್ಲೇ ಎಸೆದು, ಅವಳನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಯವರೆಗೆ ಓಡಿದರು. "ಒತ್ತಿದ್ದೆ, ಒತ್ತಿದ್ದೆ" ಎಂದು ದಾರಿಯುದ್ದ ಹೇಳುತ್ತಲೇ ಇದ್ದರಂತೆ. ಜನ ಮೊಪೆಡ್ಡಿನ ಸುತ್ತ ನಿಂತು ಕಾದರು. ಇನ್ನೂರು ಎಣಿಸಿದರು, ಸಾವಿರ ಎಣಿಸಿದರು, ಸಂಜೆಯಾಯಿತು. ಸದ್ದು ಬರಲಿಲ್ಲ. ಮಾರನೆಯ ದಿನ ಹೋಗಿ ಒತ್ತಿಬಂದಿದ್ದರೆ ಊರು ಮರೆಯುತ್ತಿತ್ತು. ಇವರು ಹೋಗಲಿಲ್ಲ. "ಒತ್ತಿದ್ದೀನಿ, ಇನ್ನೂ ಬಂದಿಲ್ಲ ಅಷ್ಟೆ" ಎಂದರು. ಅಂದಿನಿಂದ ಗಾಡಿ ಮುಟ್ಟಲಿಲ್ಲ, ಆ ತಿರುವನ್ನು ತುಳಿಯಲಿಲ್ಲ. ಹಟ್ಟಿಗೆ ಹೋಗಬೇಕಾದರೆ ಕೆರೆ ಏರಿ ಸುತ್ತಿ ಮೂರು ಮೈಲಿ ಹೆಚ್ಚಿಗೆ ನಡೆದರು. ಊರಿಗೊಂದು ಗಾದೆ ಸಿಕ್ಕಿತು. ಸಾಲ ಕೇಳಿದರೆ, "ಉಗ್ರಪ್ಪನ ಹಾರನ್ ಬಂದಾಗ ಕೊಡ್ತೀನಿ" ಎನ್ನುವುದು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿರುವಾಗ ನನ್ನ ಪಕ್ಕದಲ್ಲೇ ನಿಂತು ಈ ಮಾತು ಹೇಳಿ ನಕ್ಕವರಿದ್ದಾರೆ.

ಆವತ್ತು ಅರ್ಜಿ ಹಿಡಿದು ಮನೆಗೆ ಬಂದವಳೇ ಕೇಳಿದೆ. "ಏನ್ರೀ, ಒಂದ್ ಹಾರನ್ನು. ಹೆಬ್ಬೆರಳು ನೋಯುತ್ತಾ ನಿಮಗೆ?"

"ಒತ್ತಿರೋದನ್ನ ಇನ್ನೊಂದ್ಸಲ ಒತ್ತಿದ್ರೆ, ಆವತ್ತು ಒತ್ತಿರ್ಲಿಲ್ಲ ಅಂತ ಒಪ್ಕೊಂಡಂಗೆ."

"ಒಪ್ಕೊಳ್ಳಿ! ಅದಕ್ಕೇನು ಗಲ್ಲಿಗೆ ಹಾಕ್ತಾರಾ?"

ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಅವರ ಜೊತೆ ಜಗಳವಾಡುವುದೆಂದರೆ ಹತ್ತಿ ಮೂಟೆಗೆ ಗುದ್ದಿದ ಹಾಗೆ, ಗುದ್ದಿದವರಿಗೇ ದಣಿವು.

ಶನಿವಾರ ನಾನೇ ಬೋರಜ್ಜಿಯ ಮನೆಗೆ ಹೋದೆ. ಅವಳ ಆಡಿನ ದೊಡ್ಡಿಗೆ ಬಾಗಿಲಾಗಿ ನಮ್ಮ ಮೊಪೆಡ್ಡೇ ನಿಂತಿತ್ತು. ಗಾಲಿಗಳಿಲ್ಲ, ಸೀಟಿಲ್ಲ, ತಂತಿಯೆಲ್ಲ ಆಡು ತಿಂದಿತ್ತು. ಹ್ಯಾಂಡಲ್ಲು, ಅದರ ಕೆಳಗೆ ತುಕ್ಕು ಹಿಡಿದ ಹಾರನ್ನು ಮಾತ್ರ ಉಳಿದಿದ್ದವು. ಬಾಕಿ ತೀರಿಸಿ ಗಾಡಿ ಒಯ್ಯಲಿ ಎಂದು ಅವಳು ಮೊದಲ ವರ್ಷ ಮಳೆಗೆ ಚೀಲ ಹೊದಿಸಿಟ್ಟಿದ್ದಳಂತೆ. ಎರಡನೆಯ ವರ್ಷ ದೊಡ್ಡಿಯ ಬಾಗಿಲು ಮುರಿಯಿತು.

"ಅಜ್ಜಿ, ನೀವೇ ಬಂತು ಅಂತ ಹೆಬ್ಬೆಟ್ಟು ಒತ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

ಬೋರಜ್ಜಿ ಕುಂಟಿಕೊಂಡು ಬಂದು ನನ್ನ ಪಕ್ಕ ಕೂತಳು. "ಕಾಲಿನ ಮಾತು ಬಿಡು ಮಗಾ, ಅದು ಕೂಡ್ಕೊಂಡು ಯಾವ ಕಾಲ ಆಯ್ತು. ನನ್ನ ಹೊತ್ಕೊಂಡು ಓಡ್ದ ಪುಣ್ಯಾತ್ಮ ನಿನ್ ಗಂಡ, ನನ್ ಮಗನೂ ಹಂಗ್ ಓಡ್ತಿರ್ಲಿಲ್ಲ. ಆದ್ರೆ ಬರದೇ ಇರೋದನ್ನ ಬಂತು ಅನ್ನೋದು ಹೆಂಗೆ? ತಿರುವಿನ ಮನೆಯೋಳೇ ಸುಳ್ಳು ಹೇಳಿದ್ರೆ ಈ ದಾರೀಲಿ ಯಾರು ನಂಬ್ಕೊಂಡು ತಿರುಗ್ತಾರೆ?" ಆಮೇಲೆ ಎಲೆಗೆ ಸುಣ್ಣ ಸವರುತ್ತ, "ನಾನೂ ಕಾಯ್ತಾನೇ ಇದ್ದೀನಿ ಕಣವ್ವ. ಸಂಜೆ ಆಡು ಕೂಡೋವಾಗ ಒಂದ್ ಗಳಿಗೆ ಕಿವಿ ಕೊಟ್ಟು ನಿಲ್ತೀನಿ, ಅಭ್ಯಾಸ ಆಗೋಗದೆ" ಎಂದಳು.

ಒಬ್ಬರು ಒತ್ತುವುದಿಲ್ಲ, ಒಬ್ಬರು ಬಂತು ಎನ್ನುವುದಿಲ್ಲ, ಒಬ್ಬರು ಕಾಲಮ್ಮು ಬಿಡುವುದಿಲ್ಲ. ಮೂವರೂ ಒಳ್ಳೆಯವರೇ. ಒಳ್ಳೆಯವರ ನಡುವೆ ಸಿಕ್ಕಿಕೊಂಡರೆ ಉಸಿರು ಕಟ್ಟುವಷ್ಟು ಕೆಟ್ಟವರ ನಡುವೆ ಕಟ್ಟುವುದಿಲ್ಲ. ಮಂಗಳವಾರ ಗಿರಣಿಯಲ್ಲಿ ಉಳಿ ಹಿಡಿದು ಕಲ್ಲಿಗೆ ಹಲ್ಲು ಹೊಡೆಯುತ್ತಿದ್ದ ನನ್ನ ಗಂಡನ ಎದುರಿಗೆ ಹೋಗಿ ನಿಂತೆ. ಹನ್ನೊಂದು ವರ್ಷ ಊರೆಲ್ಲ ಆಡಿದ ಮಾತನ್ನು ನಾನೊಬ್ಬಳು ಆಡಿರಲಿಲ್ಲ. ಆವತ್ತು ಆಡಿದೆ.

"ನೀವು ಒತ್ತಿರ್ಲಿಲ್ಲ. ಊರಿಗೆಲ್ಲ ಗೊತ್ತು. ನನಗೂ ಗೊತ್ತು."

ಅವರ ಕೈ ನಿಂತಿತು. "ನಿಂಗೂ ಹಂಗೇ ಅನ್ಸುತ್ತಾ?"

"ಹೂಂ" ಎಂದೆ. ಅನ್ನಿಸುತ್ತಿತ್ತು, ನಿಜ. ಮೊದಲ ವರ್ಷದಿಂದಲೂ.

ಅವರು ಕಲ್ಲಿನ ಮೇಲಿನ ಹಿಟ್ಟನ್ನು ಅಂಗೈಯಿಂದ ಸವರಿ ಒಂದು ಮೂಲೆಗೆ ಗುಡ್ಡೆ ಮಾಡಿದರು. ಆಮೇಲೆ ನನ್ನ ಕಡೆ ನೋಡದೆ ಹೊರಗೆ ಹೋದರು. ಅವರು ಹೋದ ಮೇಲೆ ಉಳಿ ತಾನೊಂದೇ ತುಂಬ ಹೊತ್ತು ಕುಟ್ಟುತ್ತಿತ್ತು.

ಬುಧವಾರ ಬೆಳಿಗ್ಗೆ ಕರೆಂಟು ಹೋದ ಮೇಲೆ ಅವರು ತಲೆಗೆ ಟವಲು ಸುತ್ತಿ ಅಂಗಳದಲ್ಲಿ ನಿಂತಿದ್ದರು. "ಗಾಡಿ ತೆಗಿ" ಎಂದರು. ಹೇಗೂ ಹೋಗುತ್ತೇವಲ್ಲ ಎಂದು ಕರಿಯಮ್ಮನ ಹಿಟ್ಟಿನ ಚೀಲವನ್ನೂ ಟ್ಯಾಂಕಿನ ಮೇಲೆ ಕಟ್ಟಿದೆ. ಅವರು ನನ್ನ ಹಿಂದೆ, ಮೈಗೆ ಮೈ ತಾಕದ ಹಾಗೆ, ಕ್ಯಾರಿಯರ್ ಕಂಬಿ ಹಿಡಿದು ಕೂತರು. ಪೇಟೆ ಬೀದಿಯಲ್ಲಿ ಜಬ್ಬಾರ್ ಕೈ ಎತ್ತಿದ. ಟೀ ಅಂಗಡಿಯಿಂದ ಯಾರೋ, "ಏನ್ ಉಗ್ರಣ್ಣ, ಬಂದೇಬಿಡ್ತಾ?" ಎಂದು ಕೂಗಿದರು. ಹಾಳುಬಾವಿಯ ಕಟ್ಟೆ ಕಂಡ ಕೂಡಲೇ ನಾನು ಒತ್ತಿದೆ. ಬೆನ್ನ ಹಿಂದೆ ಅವರೂ ಬಾಯೊಳಗೆ ಎಣಿಸುತ್ತಿದ್ದದ್ದು ನನಗೆ ಕೇಳಿಸಿತು. ಇಬ್ಬರೂ ನೂರನಲವತ್ತಕ್ಕೆ ಬಂದಾಗ ಹುಣಸೆ ನೆರಳು ಬಿತ್ತು, ಹಾರನ್ನು ಕೂಗಿತು. ಅದು ನನ್ನ ಲೆಕ್ಕ, ಇವರ ಬಾಕಿಗೆ ಸಲ್ಲುವುದಿಲ್ಲ.

ಬೋರಜ್ಜಿ ದೊಡ್ಡಿ ಗುಡಿಸುತ್ತಿದ್ದಳು. ಆಡುಗಳನ್ನು ಅವಳ ಮೊಮ್ಮಗಳು ಆಗಲೇ ಗುಡ್ಡಕ್ಕೆ ಹೊಡೆದುಕೊಂಡು ಹೋಗಿದ್ದಳು. ಇವರನ್ನು ಕಂಡು ಮುದುಕಿ ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ತಿರುವಿನ ಮನೆಯವಳ ಗತ್ತಿನಲ್ಲಿ ಕಟ್ಟೆಯ ಮೇಲೆ ಕೂತಳು. ನನ್ನ ಗಂಡ ಟವಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ಅಜ್ಜಿ, ಆವತ್ತು ಒತ್ತಿರ್ಲಿಲ್ಲ" ಎಂದರು. ಸಂತೆಯಲ್ಲಿ ಬೆಲೆ ಹೇಳುವವರ ಹಾಗೆ, ಏರಿಳಿತವಿಲ್ಲದೆ. "ಈಗ ಒತ್ತುತ್ತೀನಿ."

ಬೋರಜ್ಜಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ಒತ್ತಪ್ಪ" ಎಂದಳು.

ಅವರು ನನ್ನ ನೀಲಿ ಗಾಡಿಯ ಹಾರನ್ನನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿ, ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು. ನಾವು ಮೂವರೂ ಕಾದೆವು. ಹುಣಸೆಮರದಿಂದ ಒಣಗಿದ ಕಾಯೊಂದು ಬಿತ್ತು. ನಾನು ಎಣಿಸುತ್ತಿದ್ದೆ. ಒಂದು ಒತ್ತಿಗೆ ಇಷ್ಟು ವರ್ಷ, ಮೂರು ಮೈಲಿ ಸುತ್ತುದಾರಿ, ಸಂತೆಯಲ್ಲಿ ನನಗೆ ಅವಮಾನ ಎಂದು ಒಳಗೊಳಗೇ ಕುದಿಯುತ್ತಲೂ ಇದ್ದೆ. ಎಂಬತ್ತೆಂಟು, ಎಂಬತ್ತೊಂಬತ್ತು.

ತೊಂಬತ್ತಕ್ಕೆ ಒಂದು ಆಡಿನ ಮರಿ ಅರಚಿತು. ಸಣ್ಣಗೆ, ಕೀರಲಾಗಿ, ಒಂದೇ ಸಲ, ಸ್ವಲ್ಪ ಉದ್ದಕ್ಕೆ.

ಬೋರಜ್ಜಿ ಅಭ್ಯಾಸದಂತೆ ದೊಡ್ಡಿಯ ಕಡೆ ತಿರುಗಿ "ಬಂದೆ ಇರೇ" ಎಂದು ಎದ್ದವಳು ಹಾಗೇ ನಿಂತಳು. ದೊಡ್ಡಿ ಖಾಲಿಯಿತ್ತು. ಅವಳು ಆಗತಾನೇ ಗುಡಿಸಿದ ನೆಲದ ಮೇಲೆ ಒಂದು ಹಿಕ್ಕೆಯೂ ಇರಲಿಲ್ಲ. ಬಾಗಿಲಾಗಿ ನಿಂತ ಮೊಪೆಡ್ಡಿನ ಹ್ಯಾಂಡಲ್ಲಿನ ಕೆಳಗಿಂದ ಒಂದು ಚಿಟಿಕೆಯಷ್ಟು ತುಕ್ಕು ಉದುರಿ ಬಿಸಿಲಿನಲ್ಲಿ ತೇಲುತ್ತಿತ್ತು.

ನಾನು ಎಣಿಸುವುದನ್ನು ಬಿಟ್ಟಿದ್ದೆ. ಬೆನ್ನ ಹಿಂದೆ ನಮ್ಮ ನೀಲಿ ಗಾಡಿಯ ಹಾರನ್ನು ತನ್ನ ಹೊತ್ತಿಗೆ ಸರಿಯಾಗಿ, ದಪ್ಪ ಕೊರಳಲ್ಲಿ ಕೂಗಿದಾಗ ಮೂವರೂ ಬೆಚ್ಚಿಬಿದ್ದೆವು.

ಬೋರಜ್ಜಿ ಕುಂಟಿಕೊಂಡು ಮೊಪೆಡ್ಡಿನವರೆಗೆ ಹೋಗಿ, ಖಾಲಿ ದೊಡ್ಡಿಯನ್ನು ಇನ್ನೊಮ್ಮೆ ನೋಡಿ ಬಂದಳು. ಆಮೇಲೆ ಕೈ ಮುಂದೆ ಚಾಚಿ, "ಆ ಕಾಗದ ಕೊಡವ್ವ" ಎಂದಳು. ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಕಾಲಮ್ಮಿನ ಮೇಲೆ ಒತ್ತಿದಳು. "ಬಂತು" ಎಂದಳು ನನ್ನ ಗಂಡನಿಗೆ. "ಬಂತು ಕಣಪ್ಪ. ಎರಡೂ ಬಂತು." ಮಸಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಈಗ ಒತ್ತಿದ್ದು ಹೆಚ್ಚಾಯ್ತು. ಅದನ್ನ ನಾನು ಹೆಂಗಪ್ಪ ವಾಪಸ್ ಕೊಡ್ಲಿ?"

"ಇರ್ಲಿ ಬಿಡಿ ಅಜ್ಜಿ" ಎಂದರು ಅವರು. ದೊಡ್ಡಿಯ ಬಾಗಿಲ ಹತ್ತಿರ ಹೋಗಿ, ಹಳೆಯ ಹಾರನ್ನಿನ ಮೇಲಿನ ಧೂಳನ್ನು ಟವಲಿನ ತುದಿಯಿಂದ ಒರೆಸಿದರು, ನೆಂಟರ ಮಗುವಿನ ಮುಖ ಒರೆಸುವ ಹಾಗೆ. ನಾನು ಏನಾದರೂ ಅಂದೇನೆಂದು ಅವರು ಕಾಯಲಿಲ್ಲ. ಕಾದಿದ್ದರೆ ಅಂದುಬಿಡುತ್ತಿದ್ದೆನೋ ಏನೋ. ಗಾಡಿಯ ಹತ್ತಿರ ಬಂದು, "ನಡಿ, ಹಟ್ಟಿಯವರು ಹಿಟ್ಟಿಗೆ ಕಾಯ್ತಿರ್ತಾರೆ" ಎಂದರು.

ಗುಡ್ಡ ಹತ್ತುವಾಗ, ಅವರನ್ನು ನಂಬದೆ ಹೋದದ್ದಕ್ಕೆ ಆಡಬೇಕಾದ ಮಾತನ್ನು ಸಿದ್ಧಮಾಡಿಕೊಂಡೆ. ದೊಡ್ಡ ಮಾತೇನಲ್ಲ, ಮೂರು ನಾಲ್ಕು ಪದ. ಮುಂದಿನ ತಿರುವಿನಲ್ಲಿ ಹೇಳೋಣ ಎಂದುಕೊಂಡೆ, ಅಲ್ಲಿ ಗೇರು ಇಳಿಸಬೇಕಾಯಿತು. ಹಟ್ಟಿ ಬಂತು, ಕರಿಯಮ್ಮ ಬಂದಳು, ಹಿಟ್ಟು ಇಳಿಸಿದೆವು, ರಾಗಿ ಹೇರಿದೆವು. ಗುರುವಾರ ಲೈಸೆನ್ಸು ಕೈಗೆ ಬಂತು, ವರ್ಷವೆಲ್ಲ ಓಡಿಸಬಹುದಾದದ್ದು. ಸೋಮವಾರ ವ್ಯಾನು ಬಂದು ಅರ್ಧ ದಿನ ನಿಂತು, ನಾಲ್ಕು ಪ್ಯಾಕೆಟ್ಟು ಮಾರಿ ಹೋಯಿತು. ಈಗ ಬೇಸಿಗೆ ಬಂದಿದೆ. ಗಿರಣಿಯ ಸದ್ದು ಮೂವತ್ತು ಎಣಿಸುವಷ್ಟರಲ್ಲಿ ಬರುತ್ತಿದೆ. ಊರಿನವರು ಗಾದೆ ಬಿಟ್ಟಿದ್ದಾರೆ, ಟೀ ಅಂಗಡಿಯವನು ಇವರಿಗೆ ಕರೆದು ಕರೆದು ಟೀ ಕೊಡುತ್ತಾನೆ. ಸೋಮವಾರ ಸೋಮವಾರ ಅವರು ನನ್ನ ಹಿಂದೆ ಕೂತು ಬರುತ್ತಾರೆ, ಈಗ ಕಂಬಿ ಬಿಟ್ಟು ನನ್ನ ಹೆಗಲು ಹಿಡಿದುಕೊಳ್ಳುತ್ತಾರೆ. ಹಾಳುಬಾವಿಯನ್ನು ಬಿಟ್ಟು ತಿರುವಿನ ಹತ್ತಿರದ ಮೋರಿ ಬಂದ ಮೇಲೆ ಒತ್ತುತ್ತೇನೆ, ಇಬ್ಬರೂ ಎಣಿಸುತ್ತೇವೆ, ಹುಣಸೆ ನೆರಳಿಗೆ ಸರಿಯಾಗಿ ಹಾರನ್ನು ಬರುತ್ತದೆ. ನನ್ನ ಬಾಯಿ ಕಬ್ಬಿಣದ್ದಲ್ಲ. ಆದರೂ ಆ ಮಾತು ಇನ್ನೂ ಬಂದಿಲ್ಲ.